ಅಪ್ಪನ ಊಟದಲ್ಲಿ ಗೊತ್ತಾಗದ ಹಾಗೆ ಕುಡಿತ ಬಿಡಿಸೋ ಪುಡಿ ಬೆರೆಸಬಹುದಾ?

ಕೊಬ್ಬರಿಮಿಠಾಯಿ (ಭಾನುವಾರ, ರಾತ್ರಿ 11:42)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಅಡುಗೆ ವಿಭಾಗದಲ್ಲಿ ಮಾತ್ರ ಬರೆಯುತ್ತಿದ್ದೆ. ಇಲ್ಲಿಗೆ ಬಂದಿದ್ದು ಇದೇ ಮೊದಲು. ಹೆಸರು ಬೇಡ. ಊರು ತಿಪಟೂರಿನ ಕಡೆ ಅಂತ ಇಟ್ಟುಕೊಳ್ಳಿ.

ಅಪ್ಪನಿಗೆ 54 ವರ್ಷ. ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಸುತ್ತಮುತ್ತಲ ತೋಟದವರೆಲ್ಲ ಅವರ ಹತ್ತಿರವೇ ತರುತ್ತಿದ್ದರು. ಈಗ ಅರ್ಧ ಜನ ಬರುವುದಿಲ್ಲ. ಬೆಳಿಗ್ಗೆ ಎದ್ದರೆ ಅಪ್ಪನ ಕೈ ನಡುಗುತ್ತದೆ. ತಾಮ್ರದ ವೈರನ್ನು ಸ್ಲಾಟಿನೊಳಗೆ ಕೂರಿಸುವಾಗ ಕೈ ಅಲುಗಿದರೆ ವೈರಿನ ಮೇಲಿನ ಪದರ ಸುಲಿದುಹೋಗುತ್ತದೆ. ಅಂಥ ಮೋಟರ್ ಬೋರಿಗೆ ಇಳಿದ ವಾರಕ್ಕೇ ಮತ್ತೆ ಸುಡುತ್ತದೆ. ಅದಕ್ಕೆ ಅಪ್ಪ ಎದ್ದ ತಕ್ಷಣ ಒಂದು ನೈಂಟಿ ಹಾಕುತ್ತಾರೆ. ಆಮೇಲೆ ಕೈ ನಿಲ್ಲುತ್ತದೆ. ಹನ್ನೊಂದಕ್ಕೆ ಇನ್ನೊಂದು. ಸಂಜೆಯದು ಲೆಕ್ಕಕ್ಕಿಲ್ಲ.

ಅಮ್ಮ ದುಡ್ಡನ್ನು ಅಕ್ಕಿ ಡ್ರಮ್ಮಿನ ತಳದಲ್ಲಿ ಇಡುತ್ತಾಳೆ. ಗೃಹಲಕ್ಷ್ಮಿ ಎರಡು ಸಾವಿರ ಬಂದ ಮೆಸೇಜನ್ನು ಅವಳಿಗಿಂತ ಮೊದಲು ಅಪ್ಪ ನೋಡಿರುತ್ತಾರೆ. ಮೋಟರ್ ಕೇಳಿಕೊಂಡು ಯಾರಾದರೂ ಬಂದರೆ "ಅವರಿಗೆ ಶುಗರ್ ಜಾಸ್ತಿ ಆಗಿ ಮಲಗಿದಾರೆ" ಅಂತ ಸುಳ್ಳು ಹೇಳಿ ಕಳಿಸುತ್ತಾಳೆ. ಅಪ್ಪನಿಗೆ ಶುಗರ್ ಇಲ್ಲ. ತಮ್ಮ ಪಿಯುಸಿ ಓದುತ್ತಿದ್ದಾನೆ. ರಾತ್ರಿ ಗೇಟಿನ ಚಿಲಕ ಸದ್ದು ಮಾಡಿದ ರೀತಿಯಲ್ಲೇ ಅಪ್ಪ ಇವತ್ತು ಎಷ್ಟು ಹಾಕಿದ್ದಾರೆ ಅಂತ ಹೇಳಿಬಿಡುತ್ತಾನೆ. ತಪ್ಪಿದ್ದು ಕಡಿಮೆ.

ವರ್ಷಕ್ಕೊಮ್ಮೆ ಅಯ್ಯಪ್ಪನ ಮಾಲೆ ಹಾಕುತ್ತಾರೆ. ಅಷ್ಟು ದಿನ ಒಂದು ಹನಿಯೂ ಇಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಸಂಜೆಯೇ ಮತ್ತೆ ಶುರು.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮ ಫೋನಿನಲ್ಲಿ ಯಾವುದೋ ಜಾಹೀರಾತು ನೋಡಿ ಪುಡಿ ತರಿಸಿದ್ದಾಳೆ. "ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಮೂವತ್ತು ದಿನದಲ್ಲಿ ಫಲಿತಾಂಶ." 2,400 ರೂಪಾಯಿ ಕೊಟ್ಟಿದ್ದಾಳೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಸಾಲೆ ಡಬ್ಬಿಯಲ್ಲಿ ಮೆಂತ್ಯದ ಪಕ್ಕ ಇಟ್ಟಿದ್ದಾಳೆ. ನಾನು ಬೆಂಗಳೂರಿನಿಂದ ಬಂದು ಹೂಂ ಅನ್ನಲಿ ಅಂತ ಕಾಯುತ್ತಿದ್ದಾಳೆ. ಹಾಕಬಹುದಾ? ಯಾರಾದರೂ ಹಾಕಿ ನೋಡಿದ್ದೀರಾ?

ಸುಮ್ನೆಓದುವವ (ಭಾನುವಾರ, ರಾತ್ರಿ 11:58)

ನಮ್ಮ ಚಿಕ್ಕಪ್ಪನಿಗೆ ಹಾಕಿದ್ದರು. ಆರು ತಿಂಗಳು ಮುಟ್ಟಲಿಲ್ಲ. ಪುಡಿಯಿಂದಲೋ, ಆಗ ಚಿಕ್ಕಮ್ಮ ತವರಿಗೆ ಹೋಗಿ ಕೂತಿದ್ದರಿಂದಲೋ, ಗೊತ್ತಿಲ್ಲ.

ನಿರ್ವಾಹಕ (ಸೋಮವಾರ, ಬೆಳಿಗ್ಗೆ 6:15)

ರಾತ್ರಿ ಇಲ್ಲಿ ಪುಡಿ ಮಾರುವವರು ಮೂರು ಬೇರೆ ಬೇರೆ ಹೆಸರಲ್ಲಿ ಬಂದು ಫೋನ್ ನಂಬರ್ ಹಾಕಿದ್ದರು. ಮೂರನ್ನೂ ತೆಗೆದಿದ್ದೇನೆ. ಖಾಸಗಿ ಕೇಂದ್ರಗಳ ನಂಬರನ್ನೂ ಹಾಕಬೇಡಿ. ಸರ್ಕಾರಿ ಸಹಾಯವಾಣಿ ಆದರೆ ಪರವಾಗಿಲ್ಲ.

ವಾರ್ಡ್‌ಸಿಸ್ಟರ್ (ಸೋಮವಾರ, ಬೆಳಿಗ್ಗೆ 7:30)

ತಂಗಿ, ಹಾಕಬೇಡಿ. ಅಮ್ಮನಿಗೆ ಈಗಲೇ ಫೋನ್ ಮಾಡಿ ಆ ಡಬ್ಬಿ ತೆಗೆಸಿ. ಆಮೇಲೆ ಮುಂದಿನದು ಓದಿ.

ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ. ಇಂಥ ಪುಡಿಗಳಲ್ಲಿ ಏನಿದೆ ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಬರೀ ಸೊಪ್ಪಿನ ಪುಡಿ ಇದ್ದರೆ ದುಡ್ಡು ಹೋಯಿತು, ಅಷ್ಟೇ. ಆದರೆ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದನ್ನು ಕುಟ್ಟಿ ಸೇರಿಸಿದ್ದರೆ ಕಥೆ ಬೇರೆ. ಕುಡಿದ ಮದ್ಯ ಲಿವರಿನಲ್ಲಿ ಮೊದಲು ಒಂದು ವಿಷದ ಪದಾರ್ಥ ಆಗುತ್ತದೆ, ಆಮೇಲೆ ಅದು ಕರಗಿ ಹೋಗುತ್ತದೆ. ಈ ಮಾತ್ರೆ ಆ ಎರಡನೇ ಕೆಲಸವನ್ನು ತಡೆಯುತ್ತದೆ. ವಿಷ ಮೈಯಲ್ಲೇ ನಿಲ್ಲುತ್ತದೆ. ಮುಖ ಕೆಂಪಗಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತದೆ. ವಯಸ್ಸಾದವರಿಗೆ, ಹೃದಯ ಸರಿಯಿಲ್ಲದವರಿಗೆ ಜೀವಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು.

ಡಾಕ್ಟರು ಈ ಮಾತ್ರೆ ಕೊಡುವುದೇ ಇಲ್ಲ ಅಂತಲ್ಲ. ಕೊಡುತ್ತಾರೆ. ರಕ್ತ ಪರೀಕ್ಷೆ ಮಾಡಿಸಿ, ರೋಗಿಗೆ ಎದುರಿಗೇ ಹೇಳಿ, ಅವನು ಒಪ್ಪಿದ ಮೇಲೆ ಕೊಡುತ್ತಾರೆ. "ಕುಡಿದರೆ ಹೀಗಾಗುತ್ತದೆ" ಅಂತ ಅವನಿಗೆ ಗೊತ್ತಿರುವುದೇ ಆ ಮಾತ್ರೆಯ ಅರ್ಧ ಕೆಲಸ. ಗೊತ್ತಿಲ್ಲದವನಿಗೆ ಹಾಕಿದರೆ ಅದು ಔಷಧಿ ಅಲ್ಲ.

ಇನ್ನೊಂದು ವಿಷಯ ನನಗೆ ಪುಡಿಗಿಂತ ಜಾಸ್ತಿ ಭಯ ಹುಟ್ಟಿಸಿತು. ಬೆಳಿಗ್ಗೆ ಕೈ ನಡುಗಿ, ಕುಡಿದ ಮೇಲೆ ನಿಲ್ಲುತ್ತದೆ ಅಂದಿರಲ್ಲ, ಅದು ಚಟದ ಹಂತ ದಾಟಿ ಆಗಿದೆ ಅಂತ ಅರ್ಥ. ಮೈ ಅದಕ್ಕೆ ಒಗ್ಗಿಹೋಗಿದೆ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಆರೇಳು ಗಂಟೆಯಲ್ಲಿ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನ ಇಲ್ಲದ್ದು ಕಾಣಿಸುವುದು, ಮನೆಯವರ ಗುರುತೇ ಸಿಗದಿರುವುದು ಆಗಬಹುದು. ಮಾಲೆ ಹಾಕಿದಾಗ ಏನಾಗುತ್ತಿತ್ತು? ನೆನಪಿಸಿಕೊಂಡು ಹೇಳಿ.

ಹಳೇಗಿರಾಕಿ (ಸೋಮವಾರ, ಬೆಳಿಗ್ಗೆ 9:05)

ನನಗೆ ಹಾಕಿದ್ದರು. ಹಾಕಿಸಿಕೊಂಡವನ ಕಥೆಯನ್ನೂ ಕೇಳಿ.

ಮಂಡ್ಯದ ಕಡೆಯವನು. ಕುಡಿತ ಬಿಟ್ಟು ಏಳು ವರ್ಷ ಆಯಿತು. ಅದಕ್ಕೂ ಮೊದಲು ನನ್ನ ಹೆಂಡತಿ ಯಾರದೋ ಮಾತು ಕೇಳಿ ಸಾರಿನಲ್ಲಿ ಮಾತ್ರೆ ಪುಡಿ ಮಾಡಿ ಹಾಕುತ್ತಿದ್ದಳು. ನನಗೆ ಗೊತ್ತಿಲ್ಲ. ಒಂದು ಬೀಗರೂಟಕ್ಕೆ ಹೋಗಿದ್ದೆ. ಎರಡು ಪೆಗ್ಗು ಒಳಗೆ ಹೋಗಿತ್ತು, ಅಷ್ಟೇ. ಕಿವಿಯಲ್ಲಿ ಬೆಂಕಿ ಇಟ್ಟ ಹಾಗಾಯಿತು. ಎದೆ ಒಡೆದುಹೋಗುತ್ತದೆ ಅನ್ನಿಸಿತು. ಎಲೆಯ ಮುಂದೆಯೇ ಬಿದ್ದೆ. ಜನ ಹಾರ್ಟ್ ಅಟ್ಯಾಕ್ ಅಂದುಕೊಂಡು ಟೆಂಪೋದಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಹೆಂಡತಿ ಅಳುತ್ತಾ ಡಾಕ್ಟರ ಹತ್ತಿರ ಸತ್ಯ ಹೇಳಿದಳು. ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡೆ.

ಆಮೇಲೆ ಏನಾಯಿತು ಗೊತ್ತಾ? ಕುಡಿತ ಬಿಡಲಿಲ್ಲ, ಮನೆ ಊಟ ಬಿಟ್ಟೆ. ಎರಡು ವರ್ಷ ಹೋಟೆಲಿನಲ್ಲಿ ತಿಂದೆ. ಅವಳು ನೀರು ಕೊಟ್ಟರೂ ಮೂಸಿ ನೋಡುತ್ತಿದ್ದೆ. ಕುಡಿಯೋದಕ್ಕೆ ನನಗೆ ಒಂದು ಹೊಸ ಕಾರಣವೂ ಸಿಕ್ಕಿತು: "ಕಟ್ಟಿಕೊಂಡವಳೇ ವಿಷ ಹಾಕಿದಳು." ಬಾರಿನಲ್ಲಿ ಇದನ್ನು ಹೇಳಿದರೆ ಯಾರಾದರೂ ಒಂದು ಕ್ವಾರ್ಟರ್ ಕೊಡಿಸುತ್ತಿದ್ದರು. ಕುಡುಕನಿಗೆ ಕಾರಣ ಕೊಡಬೇಡಿ ಮಗಳೇ. ನಮ್ಮ ಹತ್ತಿರ ಮೊದಲೇ ಬೇಕಾದಷ್ಟು ಇರುತ್ತವೆ.

ಕೊಬ್ಬರಿಮಿಠಾಯಿ (ಸೋಮವಾರ, ಮಧ್ಯಾಹ್ನ 1:20)

ಅಮ್ಮನಿಗೆ ಫೋನ್ ಮಾಡಿದೆ. ಮೊದಲು ಸಿಟ್ಟು ಮಾಡಿಕೊಂಡಳು. "2,400 ಯಾರು ಕೊಡ್ತಾರೆ" ಅಂದಳು. ಆಮೇಲೆ ಹಳೇಗಿರಾಕಿ ಅಣ್ಣ ಬರೆದಿದ್ದನ್ನು ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ತಿಪ್ಪೆಗೆ ಸುರಿದು ಬಂದೆ ಅಂತ ಈಗ ಮೆಸೇಜ್ ಮಾಡಿದ್ದಾಳೆ.

ಸಿಸ್ಟರ್, ನೀವು ಕೇಳಿದ್ದು ಓದಿ ಕೈಕಾಲು ತಣ್ಣಗಾಯಿತು. ಹೋದ ಸಲ ಮಾಲೆ ಹಾಕಿದ ಮೂರನೇ ದಿನ ಅಪ್ಪ ಗೋಡೆ ತುಂಬಾ ಇರುವೆ ಹರಿದಾಡುತ್ತಿವೆ ಅಂತ ಪೊರಕೆ ತಗೊಂಡು ಗುಡಿಸುತ್ತಿದ್ದರು. ಗೋಡೆ ಮೇಲೆ ಏನೂ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ. ಮೈಯೆಲ್ಲ ಬೆವರು. ಗುರುಸ್ವಾಮಿಗಳು ಬಂದು "ಸ್ವಾಮಿ ಪರೀಕ್ಷೆ ಮಾಡ್ತಿದಾನೆ" ಅಂತ ವಿಭೂತಿ ಹಚ್ಚಿ ಹೋದರು. ಎರಡು ದಿನಕ್ಕೆ ಸರಿಹೋಯಿತು. ನಾವೂ ಹಾಗೇ ನಂಬಿದ್ದೆವು.

ವಾರ್ಡ್‌ಸಿಸ್ಟರ್ (ಸೋಮವಾರ, ಸಂಜೆ 5:10)

ಅದು ಪರೀಕ್ಷೆ ಅಲ್ಲ ತಂಗಿ. ನಾನು ಹೇಳಿದ ಆ ಹಂತವೇ. ನಿಮ್ಮಪ್ಪ ಆ ಸಲ ಬದುಕಿ ಉಳಿದಿದ್ದಾರೆ ಅಂತಲೇ ಹೇಳುತ್ತೇನೆ. ಮುಂದಿನ ಸಲ ಬಿಡುವುದಾದರೆ ಆಸ್ಪತ್ರೆಯಲ್ಲೇ ಬಿಡಬೇಕು. ನಡುಕ, ಫಿಟ್ಸ್ ಬರದ ಹಾಗೆ ಕೆಲವು ದಿನ ಮಾತ್ರೆ ಕೊಟ್ಟು, ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಸುಸ್ತಾದ ಕೂಡಲೇ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ "ಒಂದು ಗ್ಲೂಕೋಸ್ ಹಾಕಿ" ಅನ್ನುತ್ತೀರಲ್ಲ, ವರ್ಷಗಟ್ಟಲೆ ಕುಡಿದವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟಾಗಬಹುದು. ಕುಡಿಯುವ ವಿಷಯವನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಶುಗರ್ ಅನ್ನುವ ಸುಳ್ಳು ಅಲ್ಲಂತೂ ಬೇಡವೇ ಬೇಡ.

ಮನೋಚೈತನ್ಯ ಅಂತ ಸರ್ಕಾರಿ ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಜಿಲ್ಲೆಯಿಂದ ಮಾನಸಿಕ ರೋಗ ತಜ್ಞರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲು ಕೇಳಿಕೊಳ್ಳಿ. ಅಪ್ಪ ಬರಲ್ಲ ಅಂದರೆ ನೀವು, ಅಮ್ಮ ಹೋಗಿ. ಮನೆಯವರಷ್ಟೇ ಬಂದರೂ ಮಾತಾಡುತ್ತಾರೆ. ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ವ್ಯಸನದ್ದೇ ಪ್ರತ್ಯೇಕ ಸಹಾಯವಾಣಿ 14446.

ಬಿಸಿಲೂರವ್ವ (ಸೋಮವಾರ, ರಾತ್ರಿ 8:45)

ಡಾಕ್ಟರು, ಮಾತ್ರೆ ಎಲ್ಲ ಸರಿ ಅವ್ವಾ. ಆದರೆ ಅಂಗಡಿ ಮುಚ್ಚುವ ಮಾತು ಯಾರೂ ಆಡುತ್ತಿಲ್ಲ ನೋಡ್ರಿ.

ನಾನು ರಾಯಚೂರು ಜಿಲ್ಲೆಯವಳು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. 200 ಕಿಲೋಮೀಟರ್ ಹೆದ್ದಾರಿ. ಚಪ್ಪಲಿ ಹರಿದವರು ಹರಿದ ಚಪ್ಪಲಿಯಲ್ಲೇ ನಡೆದರು. ರೊಟ್ಟಿ ಕಟ್ಟಿಕೊಂಡು ಹೋಗಿದ್ದೆವು. ನಾಲ್ಕನೇ ದಿನಕ್ಕೆ ಕಲ್ಲಾಗಿದ್ದವು, ನೀರಿನಲ್ಲಿ ನೆನೆಸಿ ತಿಂದೆವು. ದಾರಿಯಲ್ಲಿ ನಮ್ಮ ಜೊತೆಯವಳೊಬ್ಬಳು ಗಾಡಿ ಬಡಿದು ಸತ್ತಳು. ನಾವು ಕೇಳಿದ್ದು ಒಂದೇ, ಹೆಂಡದಂಗಡಿ ಮುಚ್ಚಿ. ಬೆಂಗಳೂರಿಗೆ ಹೋದೆವು, ಮಾತು ಕೇಳಿಸಿಕೊಂಡರು, ಕಳಿಸಿದರು.

ನಮ್ಮ ಹಳ್ಳಿಯಲ್ಲಿ ಲೈಸೆನ್ಸ್ ಇರುವ ಅಂಗಡಿ ಇಲ್ಲ. ಆದರೂ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಚಹಾದಂಗಡಿಯಲ್ಲಿ ಸಿಗುತ್ತದೆ. ಪಟ್ಟಣದಿಂದ ಬೈಕಿನಲ್ಲಿ ಚೀಲಗಟ್ಟಲೆ ತಂದು ಹತ್ತಿಪ್ಪತ್ತು ರೂಪಾಯಿ ಮೇಲಿಟ್ಟು ಮಾರುತ್ತಾರೆ. ಅಂಗನವಾಡಿ ಹಿಂದೆ ಖಾಲಿ ಪ್ಯಾಕೆಟ್ ಬಿದ್ದಿರುತ್ತವೆ. ಕೂಸುಗಳು ಅದಕ್ಕೆ ಕಡ್ಡಿ ಚುಚ್ಚಿ ಬಂಡಿ ಮಾಡಿಕೊಂಡು ಆಡುತ್ತವೆ.

ಲೆಕ್ಕಪತ್ರ (ಸೋಮವಾರ, ರಾತ್ರಿ 9:30)

ಅಮ್ಮಾ, ನಿಮ್ಮ ಕಷ್ಟಕ್ಕೆ ಗೌರವ ಇದೆ. ಆದರೆ ನಿಷೇಧದ ಲೆಕ್ಕ ನೋಡೋಣ. 2007ರ ಜುಲೈ 1ರಿಂದ ನಮ್ಮಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿ ಹೋಯಿತು, ಕುಡಿಯುವವರು ಹೋದರಾ? ಅದೇ ಜನ ಅಗ್ಗದ ವಿಸ್ಕಿ, ರಮ್ಮಿನ ಟೆಟ್ರಾ ಪ್ಯಾಕಿಗೆ ಬಂದರು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಂಧ್ರದಲ್ಲಿ ದೂಬಗುಂಟ ಅನ್ನುವ ಹಳ್ಳಿಯ ಹೆಣ್ಣುಮಕ್ಕಳ ಹೋರಾಟದಿಂದ 1995ರಲ್ಲಿ ನಿಷೇಧ ಬಂತು, 1997ಕ್ಕೆ ಸಡಿಲವಾಯಿತು. ಬಿಹಾರದಲ್ಲಿ 2016ರಿಂದ ನಿಷೇಧ ಇದೆ, ಕಳ್ಳಭಟ್ಟಿ ಸಾವು ನಿಂತಿಲ್ಲ.

ಇನ್ನು ಸರ್ಕಾರದ ಲೆಕ್ಕ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ಗುರಿ ಇಟ್ಟಿದ್ದಾರೆ. ಇದನ್ನು ಯಾವ ಪಕ್ಷ ಬಂದರೂ ಬಿಡುವುದಿಲ್ಲ. ಲಾಕ್‌ಡೌನ್ ಸಡಿಲವಾಗಿ 2020ರ ಮೇ 4ಕ್ಕೆ ಅಂಗಡಿ ತೆಗೆದಾಗ ಮೊದಲ ದಿನ 45 ಕೋಟಿ, ಎರಡನೇ ದಿನ 197 ಕೋಟಿ ವ್ಯಾಪಾರ ಆಯಿತು. ಇಷ್ಟು ದೊಡ್ಡ ಬಾಯಾರಿಕೆಯನ್ನು ಆದೇಶ ಹೊರಡಿಸಿ ನಿಲ್ಲಿಸೋಕೆ ಆಗಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಿಸಿಲೂರವ್ವ (ಸೋಮವಾರ, ರಾತ್ರಿ 10:02)

ತಮ್ಮಾ, ಆ 40,000 ಕೋಟಿಯಲ್ಲಿ ನನ್ನ ತಾಳಿಯೂ ಐತಿ, ಸಣ್ಣದು. ಎರಡು ಗುಂಡು.

ಸಾರಾಯಿ ನಿಂತಾಗ ನಮ್ಮ ಓಣಿಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ಒಂದಾರು ತಿಂಗಳು ನಿಜವಾಗಿಯೂ ನೆಮ್ಮದಿ ಇತ್ತು. ಗಂಡಸರು ಸಂಜೆ ಕಟ್ಟೆ ಮೇಲೆ ಕೂತು ಎಲೆ ಆಡುತ್ತಿದ್ದರು, ಆದರೆ ಮೈಮೇಲೆ ಎಚ್ಚರ ಇತ್ತು. ಆಮೇಲೆ ಟೆಟ್ರಾ ಪ್ಯಾಕೆಟ್ ಬಂತು. ನಿಷೇಧ ಸೋತಿಲ್ಲ ತಮ್ಮಾ. ಒಂದು ಬಾಗಿಲು ಮುಚ್ಚಿ ಪಕ್ಕದ್ದು ತೆಗೆದಿಟ್ಟರು. ಪೂರ್ತಿ ಮುಚ್ಚೋದು ಆಗಲ್ಲ ಅಂದರೆ ಬೇಡ ಬಿಡು. ಕಿರಾಣಿ ಅಂಗಡಿಯಲ್ಲಿ ಮಾರೋದು ಈಗಿರುವ ಕಾನೂನಿನಲ್ಲೇ ತಪ್ಪಲ್ಲವೇನು? ಅದನ್ನಾದರೂ ನಿಲ್ಲಿಸಬಹುದಲ್ಲ?

ಲೆಕ್ಕಪತ್ರ (ಸೋಮವಾರ, ರಾತ್ರಿ 10:20)

ಅದನ್ನು ಒಪ್ಪುತ್ತೇನೆ ಅಮ್ಮಾ. ಅಲ್ಲಿ ನನ್ನ ಲೆಕ್ಕ ನಿಲ್ಲುತ್ತದೆ. ಇನ್ನೊಂದು ಸಂಖ್ಯೆ ಹೇಳಿ ಸುಮ್ಮನಾಗುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ ಸಮೀಕ್ಷೆ ಬಂತು. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಚಿಕಿತ್ಸೆ ಅಂತ ಏನಾದರೂ ಸಿಕ್ಕಿದ್ದು 38 ಜನರಲ್ಲಿ ಒಬ್ಬನಿಗೆ. ಅಬಕಾರಿ ದುಡ್ಡಲ್ಲಿ ಒಂದು ಪಾಲು ಇದಕ್ಕೇ ಅಂತ ಯಾಕೆ ಎತ್ತಿಡಬಾರದು?

ಎರಡುಪೆಗ್ಗು (ಸೋಮವಾರ, ರಾತ್ರಿ 11:15)

ಏನ್ರೀ ಎಲ್ಲರೂ ಹೀಗೆ. ದಿನಾ ದುಡಿದು ಬಂದವನು ಎರಡು ಪೆಗ್ ಹಾಕಿ ಮಲಗಿದರೆ ತಪ್ಪೇನು? ನಾನೂ ಹದಿನೈದು ವರ್ಷದಿಂದ ಹಾಕುತ್ತಿದ್ದೇನೆ. ಯಾವತ್ತೂ ಮನೆಯಲ್ಲಿ ಗಲಾಟೆ ಇಲ್ಲ. ಕುಡಿತ ಅಲ್ಲ, ಮನುಷ್ಯ ಸರಿಯಿರಬೇಕು.

ಹಳೇಗಿರಾಕಿ (ಸೋಮವಾರ, ರಾತ್ರಿ 11:31)

ಸಂತೋಷ ಸ್ವಾಮಿ. ಒಂದೇ ಪ್ರಶ್ನೆ. ಮನೆಯಲ್ಲಿ ಗಲಾಟೆ ಇಲ್ಲ ಅಂತ ನೀವು ಹೇಳುತ್ತಿದ್ದೀರೋ, ಮನೆಯವರು ಹೇಳುತ್ತಿದ್ದಾರೋ? ನಾನೂ ಹೀಗೇ ಬರೆಯುತ್ತಿದ್ದೆ, ಆಗ ಫೋನು ಇರಲಿಲ್ಲ ಅಷ್ಟೇ.

ಕೌಂಟರ್‌ಹುಡುಗ (ಮಂಗಳವಾರ, ಬೆಳಿಗ್ಗೆ 8:00)

ಡಿಗ್ರಿ ಓದುವಾಗ ಒಂದು ವೈನ್ ಸ್ಟೋರಿನಲ್ಲಿ ಎರಡು ವರ್ಷ ಕೌಂಟರಿನಲ್ಲಿದ್ದೆ. ಸಂಜೆ ಬರುವ ಗಿರಾಕಿಗಳನ್ನು ಎಲ್ಲರೂ ನೋಡಿರುತ್ತೀರಿ. ಬೆಳಿಗ್ಗೆ ಬರುವವರನ್ನು ನೋಡಬೇಕು.

ಶಟರ್ ಎತ್ತುವ ಮೊದಲೇ ಆರೇಳು ಜನ ನಿಂತಿರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಗಾರೆ ಕೆಲಸದವರು, ಒಬ್ಬ ರಿಟೈರ್ಡ್ ಮೇಷ್ಟ್ರು, ಒಬ್ಬ ಆಟೋದವನು. ಚಿಲ್ಲರೆಯನ್ನು ಗ್ರಿಲ್ಲಿನ ಕೆಳಗೆ ತಳ್ಳುವಾಗ ಕೈ ನಡುಗಿ ನಾಣ್ಯ ಉದುರುತ್ತಿತ್ತು. ಮೇಷ್ಟ್ರಿಗೆ ಅದೇ ಅವಮಾನ. ಅದಕ್ಕೆ ಅವರು ದುಡ್ಡನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದರು. ಸರಿಯಾಗಿ ಎಣಿಸಿ, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮೆಯಿಲ್ಲ. ಟೆಟ್ರಾ ಪ್ಯಾಕಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ, ನೀರೂ ಬೆರೆಸದೆ, ಕಂಬದ ಮರೆಯಲ್ಲಿ ಕುಡಿಯುತ್ತಿದ್ದರು. ಹತ್ತು ನಿಮಿಷಕ್ಕೆ ಕೈ ನಿಲ್ಲುತ್ತಿತ್ತು. ಶರ್ಟಿನ ಗುಂಡಿ ಹಾಕಿಕೊಂಡು "ಬರ್ತೀನಪ್ಪ" ಅಂತ ಹೊರಡುತ್ತಿದ್ದರು.

ನನಗೆ ಪಾಠ ಮಾಡಿದವರಲ್ಲ. ಆದರೂ ನಾನು ಎದ್ದು ನಿಂತು ಕೊಡುತ್ತಿದ್ದೆ.

ಬೆಳ್ತಂಗಡಿಮಳೆ (ಮಂಗಳವಾರ, ಬೆಳಿಗ್ಗೆ 10:40)

ನಮ್ಮ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ಇರುತ್ತದೆ. ಎಂಟು ದಿನ. ಊರಿನ ಸಭಾಭವನದಲ್ಲೇ ಇಟ್ಟುಕೊಳ್ಳುತ್ತಾರೆ. ವ್ಯಾಯಾಮ, ಭಜನೆ, ಡಾಕ್ಟರ ಮಾತು, ಬಿಟ್ಟವರ ಅನುಭವ. ಒಂದು ದಿನ ಮನೆಯವರನ್ನೂ ಕರೆಯುತ್ತಾರೆ. ನಮ್ಮ ಮಾವ ಎರಡು ಸಲ ಹೋಗಿದ್ದಾರೆ. ಮೊದಲ ಸಲ ಹನ್ನೊಂದು ತಿಂಗಳು ನಿಂತಿತು. ಭೂತಕೋಲದ ರಾತ್ರಿ ಮತ್ತೆ ಕುಡಿದರು. ಎರಡನೇ ಸಲ ಬಿಟ್ಟಿದ್ದು ಇವತ್ತಿನವರೆಗೂ ಇದೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೇ ಸೇರುತ್ತಾರೆ. ನನ್ನ ಪ್ರಕಾರ ಎಂಟು ದಿನಕ್ಕಿಂತ ಅದೇ ಮುಖ್ಯ. ಮಾವ ಮದುವೆ ಮನೆಗೆ ಹೋಗುವಾಗ ಆ ಗುಂಪಿನ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾರೆ.

ನಿಮ್ಮ ತಂದೆಗೆ ಇರುವೆ ಕಾಣಿಸಿದ್ದು ಓದಿದ ಮೇಲೆ ನೇರ ಶಿಬಿರಕ್ಕೆ ಅಂತ ಹೇಳಲು ಧೈರ್ಯ ಇಲ್ಲ. ಸಿಸ್ಟರ್ ಹೇಳಿದ ಹಾಗೆ ಮೊದಲು ಆಸ್ಪತ್ರೆ.

ಅಣ್ಣನತಮ್ಮ (ಮಂಗಳವಾರ, ಮಧ್ಯಾಹ್ನ 12:15)

ಒಂದು ಎಚ್ಚರಿಕೆ. "ಮನೆಗೇ ವ್ಯಾನ್ ಕಳಿಸುತ್ತೇವೆ, ಒಪ್ಪದಿದ್ದರೂ ಎತ್ತಿಕೊಂಡು ಹೋಗುತ್ತೇವೆ" ಅನ್ನುವ ಕೇಂದ್ರಗಳ ತಂಟೆಗೆ ಹೋಗಬೇಡಿ. ನಮ್ಮಣ್ಣನನ್ನು ಹಾಗೆ ಒಂದು ಕಡೆ ಹಾಕಿದ್ದೆವು. ಮೂರು ತಿಂಗಳಿಗೆ ದುಡ್ಡು ಮೊದಲೇ ಕಟ್ಟಿಸಿಕೊಂಡರು. ನಲವತ್ತು ದಿನ ಭೇಟಿಗೆ ಬಿಡಲಿಲ್ಲ. ಕರೆದುಕೊಂಡು ಬರಲು ಹೋದಾಗ ತಲೆ ಬೋಳಿಸಿದ್ದರು. ಬೆನ್ನ ಮೇಲೆ ಬೆಲ್ಟಿನ ಗುರುತು. ಡಾಕ್ಟರು ಯಾರು ಅಂತ ಕೇಳಿದರೆ "ವಾರಕ್ಕೊಮ್ಮೆ ಬರ್ತಾರೆ" ಅಂದರು. ಅಣ್ಣ ಮನೆಗೆ ಬಂದ ದಿನವೇ ಕುಡಿದ. ನಮ್ಮ ಹತ್ತಿರ ಈಗಲೂ ಸರಿಯಾಗಿ ಮಾತಾಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಸಮಸ್ಯೆಗೂ ಅನ್ವಯಿಸುತ್ತದೆ. ಕೇಂದ್ರಕ್ಕೆ ನೋಂದಣಿ ಇರಬೇಕು, ಹೊಡೆಯೋದು, ಸರಪಳಿ ಹಾಕೋದು ಅಪರಾಧ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡೆ.

ಎರಡನೇಬಾಗಿಲು (ಮಂಗಳವಾರ, ಮಧ್ಯಾಹ್ನ 3:50)

ಕೊಬ್ಬರಿಮಿಠಾಯಿ, ಎಲ್ಲರೂ ನಿಮ್ಮ ಅಪ್ಪನ ಬಗ್ಗೆ ಬರೆದರು. ನಾನು ಅಮ್ಮನ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ನಾನೂ ಆ ಅಮ್ಮನೇ.

ಹನ್ನೆರಡು ವರ್ಷ ನಾನು ಮಾಡಿದ್ದೂ ಅದೇ ಕೆಲಸ. ಗಂಡನ ಆಫೀಸಿಗೆ ಫೋನ್ ಮಾಡಿ "ಜ್ವರ" ಅನ್ನುವುದು. ವಾಂತಿ ಒರೆಸುವುದು. ಬಾರಿನ ಸಾಲ ತೀರಿಸುವುದು. ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದು. ಅವರು ಬೆಳಿಗ್ಗೆ ಎದ್ದಾಗ ಹಾಸಿಗೆ ಶುಭ್ರವಾಗಿರುತ್ತಿತ್ತು, ಶರ್ಟು ಇಸ್ತ್ರಿಯಾಗಿರುತ್ತಿತ್ತು. ರಾತ್ರಿ ಏನೂ ಆಗಿಲ್ಲ ಅನ್ನುವುದಕ್ಕೆ ಸಾಕ್ಷಿಯನ್ನು ನಾನೇ ಸಿದ್ಧ ಮಾಡಿಟ್ಟಿರುತ್ತಿದ್ದೆ! ಕುಡುಕರ ಮನೆಯವರಿಗೇ ಅಂತ ಅಲಾನನ್ ಸಭೆ ಇದೆ, ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೇಳಿದರು, "ನಿನ್ನೆ ರಾತ್ರಿ ನೀನು ಊಟ ಮಾಡಿದ್ಯಾ?" ನೆನಪೇ ಆಗಲಿಲ್ಲ ನನಗೆ. ಅವರೆಷ್ಟು ಪೆಗ್ ಹಾಕಿದರು ಅನ್ನುವುದು ಮಾತ್ರ ನೆನಪಿತ್ತು.

ಮುಚ್ಚಿಡುವುದನ್ನು ನಿಲ್ಲಿಸಿದೆ. ಜಗಳ ಆಡಲಿಲ್ಲ, ಸುಳ್ಳು ಹೇಳುವುದನ್ನಷ್ಟೇ ಬಿಟ್ಟೆ. ಆಫೀಸಿನವರು ಫೋನ್ ಮಾಡಿದರೆ ಫೋನನ್ನು ಅವರ ಕಿವಿಗೇ ಇಟ್ಟೆ. ಸಂಬಳ ಕಡಿತ ಆಯಿತು, ಮೆಮೋ ಬಂತು. ಅತ್ತೆ ನನ್ನನ್ನೇ ಬೈದರು. ಇದರಿಂದ ಅವರು ಕುಡಿತ ಬಿಟ್ಟರು ಅಂತ ಹೇಳಲ್ಲ, ಬಿಟ್ಟಿಲ್ಲ. ಈಗ ನಾನು ಮಕ್ಕಳ ಜೊತೆ ಬೇರೆ ಇದ್ದೇನೆ. ಮಗಳು ಈಚೆಗೆ ರಾತ್ರಿ ಓದುತ್ತಾ ಓದುತ್ತಾ ನಿದ್ದೆ ಹೋಗುತ್ತಾಳೆ. ಮೊದಲು ಅವರು ಬಂದು ಮಲಗುವವರೆಗೂ ಅವಳು ಮಲಗುತ್ತಿರಲಿಲ್ಲ.

ಅಮ್ಮನಿಗೆ ಹೊಡೆಯುತ್ತಾರಾ ಅಂತ ನೀವು ಬರೆದಿಲ್ಲ. ಇದ್ದರೆ 112, ಇಲ್ಲವೇ ಮಹಿಳಾ ಸಹಾಯವಾಣಿ 181. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ಕೊಡಬಹುದು. "ಕುಡಿದಾಗ ಮಾತ್ರ ಹೊಡೆಯೋದು" ಅನ್ನುವುದನ್ನು ಯಾರೂ ರಿಯಾಯಿತಿ ಅಂತ ಎಣಿಸಬೇಡಿ. ನಾನು ಎಣಿಸಿದ್ದೆ.

ಕೊಬ್ಬರಿಮಿಠಾಯಿ (ಮಂಗಳವಾರ, ರಾತ್ರಿ 10:30)

ಹೊಡೆಯುವುದಿಲ್ಲ ಅಕ್ಕ. ತಟ್ಟೆ ಎಸೆಯುತ್ತಾರೆ. ಅಮ್ಮ ಸ್ಟೀಲಿನವು ಮಾತ್ರ ಇಟ್ಟಿದ್ದಾಳೆ. ಈಗ ಬರೆದಾಗ ಗೊತ್ತಾಯಿತು, ಮನೆಯಲ್ಲಿ ಗಾಜಿನ ಒಂದು ಲೋಟವೂ ಇಲ್ಲ.

ಇಳಕಲ್ಲಸೀರೆ (ಬುಧವಾರ, ಬೆಳಿಗ್ಗೆ 7:10)

ನಮ್ಮ ಇಳಕಲ್ಲಿನ ಮಠದ ಸ್ವಾಮಿಗಳು ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ರೊಟ್ಟಿ ಅಲ್ಲ, ದುಡ್ಡಲ್ಲ, "ನಿಮ್ಮ ಚಟ ಹಾಕಿ" ಅನ್ನುತ್ತಿದ್ದರು. ನಮ್ಮ ಅಜ್ಜ ತಂಬಾಕಿನ ಚೀಲ ಹಾಕಿದ್ದು ಮನೆಯಲ್ಲಿ ಇನ್ನೂ ಮಾತಾಡುತ್ತಾರೆ. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನ ಅಂತ ಮಾಡುತ್ತದೆ. ಭಾಷಣ, ಹಾರ, ಬಾಳೆಹಣ್ಣು. ಮಾರನೇ ದಿನ ಅಬಕಾರಿ ಇಲಾಖೆಯವರು ತಿಂಗಳ ಗುರಿ ಮುಟ್ಟಿತಾ ಅಂತ ಕೇಳುತ್ತಾರೆ. ಸುಮ್ನೆ ನೆನಪಾಯಿತು, ಬರೆದೆ.

ಕೊಬ್ಬರಿಮಿಠಾಯಿ (ಎರಡು ತಿಂಗಳ ನಂತರ, ಶನಿವಾರ, ಸಂಜೆ 6:20)

ಏನಾಯಿತು ಅಂತ ಕೆಲವರು ಒಳಗೆ ಮೆಸೇಜ್ ಮಾಡಿ ಕೇಳಿದ್ದೀರಿ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಮಂಗಳವಾರ ನಾನು, ಅಮ್ಮ ಇಬ್ಬರೇ ಹೋದೆವು. ಡಾಕ್ಟರು ಅಪ್ಪನ ಬಗ್ಗೆ ಹತ್ತು ನಿಮಿಷ ಕೇಳಿದರು, ಅಮ್ಮನ ನಿದ್ದೆ, ಊಟದ ಬಗ್ಗೆ ಅರ್ಧ ಗಂಟೆ ಕೇಳಿದರು. ಅಮ್ಮ ಅತ್ತಳು. ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆವು, ಪುಡಿ ತರಿಸಿದ್ದನ್ನೂ ಸೇರಿಸಿ. ಅಪ್ಪ ಎದ್ದು ಹೊರಗೆ ಹೋದರು. ಆ ರಾತ್ರಿ ಜಾಸ್ತಿಯೇ ಕುಡಿದು ಬಂದರು.

ಅಮ್ಮ ಸುಳ್ಳು ಹೇಳುವುದನ್ನು ಬಿಟ್ಟಳು. ಮೋಟರ್ ಕೇಳಿಕೊಂಡು ಬಂದ ಗೌಡರಿಗೆ "ಕುಡಿದು ಮಲಗಿದಾರೆ, ಒಳಗೆ ಹೋಗಿ ನೀವೇ ಕೇಳಿ" ಅಂದಳಂತೆ. ಗೌಡರು ಒಳಗೆ ಹೋಗಿದ್ದಾರೆ. ಏನೂ ಬೈಯಲಿಲ್ಲವಂತೆ. ಮಂಚದ ಪಕ್ಕ ಕೂತು "ನಮ್ಮಪ್ಪನ ಕಾಲದಿಂದ ನಿನ್ನ ಕೈಲೇ ಕಟ್ಟಿಸಿದ್ದು ಕಣಯ್ಯ, ಈಗ ಯಾರ ಹತ್ರ ಹೋಗ್ಲಿ" ಅಂದರಂತೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು.

ಮೂರನೇ ಮಂಗಳವಾರ ಅಪ್ಪ ಬಂದರು. ಯಾಕೆ ಬಂದರು ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಈ ಸಲ ಇರುವೆ ಬರಲಿಲ್ಲ. ಹಳೇಗಿರಾಕಿ ಅಣ್ಣ ಎರಡು ಸಲ ಫೋನಿನಲ್ಲಿ ಮಾತಾಡಿದರು. ಏನು ಮಾತಾಡಿಕೊಂಡರೋ ಗೊತ್ತಿಲ್ಲ, ಅಪ್ಪ ನಕ್ಕಿದ್ದು ಕೇಳಿಸಿತು.

ಮನೆಗೆ ಬಂದು ಮೊದಲು ಕೂತಿದ್ದು ಗೌಡರ ಮೋಟರ್ ಮುಂದೆ. ಮೊದಲಾದರೆ ಒಂದು ದಿನದ ಕೆಲಸ, ಮೂರು ದಿನ ತಗೊಂಡರು. ಸುತ್ತು ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು, ಬಿಚ್ಚಿ ಮತ್ತೆ ಸುತ್ತಿದರು. ತಮ್ಮ ಪಕ್ಕದಲ್ಲಿ ಕೂತು ಜೋರಾಗಿ ಎಣಿಸುತ್ತಿದ್ದ.

ಇಪ್ಪತ್ತಾರನೇ ದಿನ ನೆಂಟರ ಗೃಹಪ್ರವೇಶದಲ್ಲಿ ಕುಡಿದರು. ಎರಡು ದಿನ ಕುಡಿದರು. ಮಾರನೇ ಮಂಗಳವಾರ ತಾವೇ ಹೋದರು, ನಮ್ಮನ್ನು ಕರೆಯಲಿಲ್ಲ. ಇವತ್ತಿಗೆ ಹನ್ನೊಂದು ದಿನ. ತಮ್ಮ ಈಗಲೂ ಚಿಲಕದ ಸದ್ದು ಕೇಳುತ್ತಾನೆ.

ಹಳೇಗಿರಾಕಿ (ಶನಿವಾರ, ಸಂಜೆ 6:48)

ನನ್ನದು ನಾಲ್ಕನೇ ಸಲಕ್ಕೆ ನಿಂತಿದ್ದು ಮಗಳೇ. ಅಪ್ಪನಿಗೆ ಹೇಳಿ, ನಾಳೆ ಫೋನ್ ಮಾಡುತ್ತೇನೆ ಅಂತ. ನನ್ನ ಟೇಬಲ್ ಫ್ಯಾನ್ ಒಂದು ಸುಟ್ಟುಹೋಗಿದೆ, ಅದೂ ಕೇಳಬೇಕು.

ಹೊಸಬ2 (ಶನಿವಾರ, ರಾತ್ರಿ 11:55)

ನಮಸ್ತೆ. ಇವತ್ತೇ ಸೇರಿದೆ. ಮೇಲಿನಿಂದ ಎಲ್ಲ ಓದಿದೆ. ಈ ಮಂಗಳವಾರದ್ದು ಎಲ್ಲಾ ತಾಲ್ಲೂಕಲ್ಲೂ ಇರುತ್ತಾ? ಕುಡಿಯುವವರೇ ಒಬ್ಬರೇ ಬಂದರೆ ನೋಡುತ್ತಾರಾ? ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ವಾರ್ಡ್‌ಸಿಸ್ಟರ್ (ಭಾನುವಾರ, ಬೆಳಿಗ್ಗೆ 5:40)

ನೋಡುತ್ತಾರೆ. ಯಾವ ತಾಲ್ಲೂಕು ಅಂತ ಹೇಳಿ, ವಿಚಾರಿಸಿ ತಿಳಿಸುತ್ತೇನೆ. ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸಬೇಡಿ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ?